ಲಕ್ಷ್ಮಕ್ಕನ ಮುಗಿಲುಗಾಯಿ

ಮೆಣಸಿನಕಾಯಿಯನ್ನು ಕೈಯಿಂದ ಕೈಗೆ ಕೊಡಬಾರದು. ಕೊಟ್ಟರೆ ಕೊಟ್ಟವರಿಗೂ ಇಸಿದುಕೊಂಡವರಿಗೂ ಜಗಳ ಹತ್ತುತ್ತದೆ ಎಂಬ ನಂಬಿಕೆ ಹೊನ್ನಾಳಿಯಿಂದ ಜಗಳೂರಿನವರೆಗೆ ಯಾವ ಅಡುಗೆಮನೆಗೆ ಹೋದರೂ ಉಂಟು. ನೆಲಕ್ಕಿಡಬೇಕು, ಬೇಕಾದವರು ಎತ್ತಿಕೊಳ್ಳಬೇಕು.

ನ್ಯಾಮತಿಯ ಲಕ್ಷ್ಮಕ್ಕ ಮಾತ್ರ ಕೈಗೇ ಕೊಡುತ್ತಿದ್ದಳು. ಎಂಬತ್ತರ ದಶಕ ಅರ್ಧ ಕಳೆಯುವ ಹೊತ್ತಿಗೆ ಅವಳ ಮನೆಯ ಮುಗಿಲುಗಾಯಿ ಎಂಬ ಮೆಣಸಿನಕಾಯಿಯ ಹೆಸರು ಚನ್ನಗಿರಿಯವರೆಗೆ ಹೋಗಿತ್ತು. ಬೀಜ ಕೇಳಿಕೊಂಡು ಬಂದವರು ರೂಢಿಯಂತೆ ಜಗಲಿಯ ಮೇಲೆ ಟವೆಲ್ ಹಾಸಿ ಕಾಯುತ್ತಿದ್ದರು. ಅವಳು ಹಣ್ಣಾದ ಕಾಯಿಗಳನ್ನು ತಂದು ಸೀದಾ ಅವರ ಅಂಗೈಗೆ ಸುರಿಯುತ್ತಿದ್ದಳು. ವಯಸ್ಸಾದವರು ಬೆಚ್ಚಿ ಕೈ ಹಿಂದಕ್ಕೆ ಎಳೆದುಕೊಂಡರೆ, "ಹಿಡಕಳ್ರಿ, ಈ ಕಾಯಿ ಜಗಳ ಎಲ್ಲಾ ಮುಗಿಸ್ಕೊಂಡೇ ಬಂದೈತೆ" ಎನ್ನುತ್ತಿದ್ದಳು.

ಮುಗಿಸಿಕೊಂಡು ಬಂದ ಆ ಜಗಳದ ಕಥೆ ಹೇಳಬೇಕಾದರೆ ಸೊಕ್ಕೆಯಿಂದ ಶುರು ಮಾಡಬೇಕು.

ಲಕ್ಷ್ಮಕ್ಕ ಹುಟ್ಟಿದ್ದು ಜಗಳೂರು ತಾಲ್ಲೂಕಿನ ಸೊಕ್ಕೆಯಲ್ಲಿ. ಅವಳ ತವರಿನ ಹಿಂದೆ ಸಣ್ಣ ಕಲ್ಲು ಬೆರೆತ ಕೆಂಪು ಗರಸಿನ ಒಂದು ದಿಬ್ಬ. ಅದರ ಮೇಲೆ ಬಿದ್ದ ಮಳೆನೀರು ನಿಲ್ಲುತ್ತಿರಲಿಲ್ಲ, ಬಂದಷ್ಟೇ ಬೇಗ ಇಳಿದುಹೋಗುತ್ತಿತ್ತು. ಅವಳ ಅವ್ವ ಕೊಲ್ಲಾಪುರಮ್ಮ ಆ ದಿಬ್ಬದ ಮೇಲೆ ಒಂದಷ್ಟು ಮೆಣಸಿನ ಗಿಡ ಇಟ್ಟುಕೊಂಡಿದ್ದಳು. ಮೊಣಕಾಲೆತ್ತರದ ಕುಳ್ಳ ಗಿಡ, ಕಿರುಬೆರಳಿನ ತುದಿಯಷ್ಟು ಕಾಯಿ. ಬೇರೆ ಮೆಣಸಿನಕಾಯಿಗಳು ತಲೆ ತಗ್ಗಿಸಿ ನೇತಾಡಿದರೆ ಇವು ತೊಟ್ಟಿನ ಮೇಲೆ ನೆಟ್ಟಗೆ ನಿಂತು ಆಕಾಶ ನೋಡುತ್ತಿದ್ದವು. ಅದಕ್ಕೇ ಆ ಮನೆಯವರು ಅದನ್ನು ಮುಗಿಲುಗಾಯಿ ಎಂದು ಕರೆಯುತ್ತಿದ್ದರು.

ಮೇಲೆ ನೋಡುವ ಕಾಯಿಗಳೆಲ್ಲ ಮುಗಿಲುಗಾಯಿ ಅಲ್ಲ. ಕೊಲ್ಲಾಪುರಮ್ಮ ಮಗಳಿಗೆ ಗುರುತು ಹೇಳಿಕೊಟ್ಟಿದ್ದು ಕಣ್ಣಿನಿಂದಲ್ಲ. ಕಾಯಿಯನ್ನು ಮುರಿದು ಮೂಗಿನಿಂದ ಒಂದು ಗೇಣು ದೂರ ಹಿಡಿಯಬೇಕು. ಸಾದಾ ಕಾಯಿಯಾದರೆ ಹಸಿ ಸೊಪ್ಪಿನ ವಾಸನೆ ಬರುತ್ತದೆ. ಮುಗಿಲುಗಾಯಿಯಾದರೆ ವಾಸನೆಗಿಂತ ಮೊದಲೇ ಮೂಗಿನ ಒಳಗೆ ಚುರುಕು ಮುಟ್ಟುತ್ತದೆ. ಆಮೇಲೆ ಒಳಗಡೆ ನೋಡಬೇಕು. ಜನ ಖಾರಕ್ಕೆಲ್ಲ ಬೀಜವನ್ನು ಬೈಯುತ್ತಾರೆ, ಬೀಜದ್ದೇನೂ ತಪ್ಪಿಲ್ಲ. ಬೀಜ ಅಂಟಿಕೊಂಡಿರುವ ಬಿಳಿ ಎಳೆ ಇದೆಯಲ್ಲ, ಖಾರದ ಮನೆ ಅದು. ಅದು ದಪ್ಪಗಿದ್ದು ಕೊಂಚ ಹಳದಿಗೆ ತಿರುಗಿದ್ದರೆ ಕಾಯಿ ಬಲಿತಿದೆ ಎಂದು ಅರ್ಥ. ನಾಲಿಗೆಯ ಪರೀಕ್ಷೆ ಕಡೆಯದು. ಸಾದಾ ಮೆಣಸಿನಕಾಯಿ ನಾಲಿಗೆಯ ತುದಿಯಲ್ಲಿ ಗದ್ದಲ ಮಾಡಿ ಇಳಿದುಹೋಗುತ್ತದೆ. ಇದು ಮೊದಲು ಸುಮ್ಮನಿರುತ್ತದೆ. ಏನೂ ಇಲ್ಲ ಎಂದುಕೊಂಡು ಎರಡನೇ ತುತ್ತು ಎತ್ತುವಾಗ ಗಂಟಲ ಹಿಂದಿನಿಂದ ಹೊರಟು ಕಿವಿಗೆ ಏರುತ್ತದೆ.

"ಕಿವಿ ಬಿಸಿ ಆಗಲಿಲ್ಲ ಅಂದ್ರೆ ಅದು ನಮ್ಮ ಕಾಯಿ ಅಲ್ಲ" ಎಂದು ಕೊಲ್ಲಾಪುರಮ್ಮ ಹೇಳುತ್ತಿದ್ದಳು.

ಎಪ್ಪತ್ಮೂರರಲ್ಲಿ ಲಕ್ಷ್ಮಕ್ಕನನ್ನು ನ್ಯಾಮತಿಯ ದುರುಗಣ್ಣನಿಗೆ ಕೊಟ್ಟರು. ಅವನು ಪೇಟೆಯ ಮಂಡಿಯಲ್ಲಿ ಮೂಟೆ ಹೊರುವ ಹಮಾಲಿ. ಹೊರಡುವ ದಿನ ಅವ್ವ ಬೂದಿ ಬೆರೆಸಿ ನೆರಳಲ್ಲಿ ಒಣಗಿಸಿದ ಬೀಜವನ್ನು ಬಟ್ಟೆಯ ಗಂಟು ಕಟ್ಟಿ ಹೊಸ್ತಿಲ ಮೇಲೆ ಇಟ್ಟಳು. "ಎತ್ತಿಕೋ. ನನ್ನ ನಿನ್ನ ನಡುವೆ ಜಗಳ ಬ್ಯಾಡ" ಎಂದಳು. ಮಗಳು ಬಗ್ಗಿ ಎತ್ತಿಕೊಂಡಳು.

ನ್ಯಾಮತಿಯ ಮನೆಯಲ್ಲಿ ಅತ್ತೆ ಮೂಕಮ್ಮನದೇ ಆಡಳಿತ. ಗಂಡ ಸತ್ತ ಮೇಲೆ ಸಂತೆಯ ದಿನ ಮಂಡಕ್ಕಿ, ಮಿರ್ಚಿ ಮಾರಿ ಮಗನನ್ನೂ ಮಗಳು ಓಬಮ್ಮನನ್ನೂ ಸಾಕಿದ ಹೆಂಗಸು. ಅವಳ ಹಸಿ ಖಾರ ಬೆರೆಸಿದ ಮಂಡಕ್ಕಿಗೆ ಸಂತೆಯಲ್ಲಿ ಗಿರಾಕಿ ತಪ್ಪುತ್ತಿರಲಿಲ್ಲ. ಹೊಸ ಸೊಸೆ ಗಂಟು ಬಿಚ್ಚಿ, ಇದು ನಮ್ಮೂರಿನ ಮೆಣಸಿನಕಾಯಿ ಬೀಜ ಎಂದಾಗ ಮೂಕಮ್ಮ ಆಸೆಯಿಂದ ಕೈ ಚಾಚಿದಳು. ಬಂದು ಇನ್ನೂ ವಾರವಾಗಿರಲಿಲ್ಲ. ಅತ್ತೆಗೆ "ನೆಲಕ್ಕಿಡ್ತೀನಿ, ಎತ್ತಿಕೊಳ್ಳಿ" ಎಂದು ಹೇಳುವ ಧೈರ್ಯ ಲಕ್ಷ್ಮಕ್ಕನಿಗೆ ಬರಲಿಲ್ಲ. ಕೈಗೇ ಕೊಟ್ಟಳು.

"ಹೆಂಗೆ ಇದರ ಖಾರ?" ಮೂಕಮ್ಮ ಕೇಳಿದಳು.

"ಒಂದು ಗಡಿಗೆ ಸಾರಿಗೆ ಎರಡು ಕಾಯಿ ಸಾಕು ಅತ್ತೆ."

"ಎರಡೇ?"

"ಎರಡೇ. ಮೂರು ಹಾಕಿದ್ರೆ ಉಣ್ಣಾಕೆ ಆಗಲ್ಲ."

ಮೂಕಮ್ಮನಿಗೆ ಖುಷಿಯಾಯಿತು. ಸೊಸೆಯ ತವರಿನ ಬೀಜಕ್ಕೆ ಹಿತ್ತಲಲ್ಲಿ ಇದ್ದುದರಲ್ಲೇ ಒಳ್ಳೆಯ ಜಾಗ ಬಿಟ್ಟುಕೊಟ್ಟಳು. ಅದು ಕೈ ತೊಳೆಯುವ ಕಲ್ಲಿನ ಪಕ್ಕದ ಮಡಿ. ಮಣ್ಣು ಎರೆಯಂತೆ ಕಪ್ಪು, ಹುಡಿಹುಡಿ. ಮನೆಯವರೆಲ್ಲ ಉಂಡು ಎದ್ದು ಅಲ್ಲೇ ಕೈ ತೊಳೆಯುವುದು. ಪಾತ್ರೆ ತೊಳೆದ ನೀರೂ ಅಲ್ಲಿಗೇ. ಬೇಸಿಗೆಯಲ್ಲೂ ಆ ಮಡಿ ಆರುತ್ತಿರಲಿಲ್ಲ. ಅಷ್ಟು ಸಾಲದೆಂದು ಮೂಕಮ್ಮ ದಿನಾ ಸಂಜೆ ಬಾವಿಯಿಂದ ಒಂದು ಕೊಡ ಸೇದಿ ಹಾಕುತ್ತಿದ್ದಳು, ವಾರಕ್ಕೊಮ್ಮೆ ಸಗಣಿ ಕಲಸಿದ ನೀರು. ಗಿಡಗಳು ಸೊಂಟದೆತ್ತರ ಬಂದವು. ಎಲೆ ಎಣ್ಣೆ ಹಚ್ಚಿದಂತೆ ಮಿರುಗಿದವು. ಕಾಯಿ ಹೆಬ್ಬೆರಳಿನ ಗಾತ್ರ.

ಆ ಹೊತ್ತಿಗೆ ಓಬಮ್ಮ ಗಂಡನೊಂದಿಗೆ ಉಬ್ರಾಣಿಯಿಂದ ಬಂದಳು. ಮನೆಯಲ್ಲಿ ಕೋಳಿ ಕೊಯ್ದರು. ಮೂಕಮ್ಮ ಖಾರ ರುಬ್ಬಲು ಒಂದು ಹಿಡಿ ಮೆಣಸಿನಕಾಯಿ ತೆಗೆದುಕೊಂಡಾಗ ಲಕ್ಷ್ಮಕ್ಕ ತಡೆದಳು. ನೆಂಟರೆದುರಿಗೇ, "ಇವತ್ತು ನಮ್ಮ ಕಾಯಿ ಅತ್ತೆ. ಎರಡು ಸಾಕು" ಎಂದಳು. ಎರಡೇ ಕಾಯಿ ರುಬ್ಬಿ ಸಾರಿಗೆ ಹಾಕಿದರು.

ದುರುಗಣ್ಣ ಒಂದು ತುತ್ತು ಮುದ್ದೆ ಅದ್ದಿ ನುಂಗಿ, ಹೆಂಡತಿಯ ಮುಖ ನೋಡಿ ತಲೆ ತಗ್ಗಿಸಿದ. ಓಬಮ್ಮನ ಗಂಡ ಉಪ್ಪು ಕೇಳಿದ. ಓಬಮ್ಮ ಮಾತ್ರ ಬಾಯಿ ಬಿಟ್ಟಳು.

"ಅತ್ತಿಗೆ, ನಮ್ಮಾಗೆ ಯಾರಿಗೂ ಜ್ವರ ಬಂದಿಲ್ವಲ್ಲ. ಯಾಕೆ ಪಥ್ಯದ ಸಾರು ಮಾಡಿದ್ರಿ?"

ಎಲ್ಲರೂ ನಕ್ಕರು. ಲಕ್ಷ್ಮಕ್ಕನೂ ನಗಬೇಕಾಯಿತು. ಊಟ ಮುಗಿಯುವುದರೊಳಗೆ ಓಬಮ್ಮ ಅವಳಿಗೆ ಸಪ್ಪೆ ಅತ್ತಿಗೆ ಎಂದು ಹೆಸರಿಟ್ಟಾಗಿತ್ತು.

ಹೆಸರಾದರೆ ಹೆಸರು, ಓಬಮ್ಮ ಊರಿಗೆ ಹೋದ ಮೇಲೆ ಅದೂ ಹೋಗುತ್ತಿತ್ತು. ಉಳಿದುಕೊಂಡಿದ್ದು ಬೇರೆ. ಅವತ್ತಿನಿಂದ ಆ ಮನೆಯಲ್ಲಿ ಲಕ್ಷ್ಮಕ್ಕ ಏನು ಹೇಳಿದರೂ ಅದಕ್ಕೆ ಎರಡು ಕಾಯಿ ಲೆಕ್ಕ ಎಂಬ ಮಾತು ಅಂಟಿಕೊಂಡಿತು. ಹಸು ಇನ್ನು ನಾಲ್ಕು ದಿನದಲ್ಲಿ ಈಯುತ್ತದೆ ಎಂದರೆ, "ಎರಡು ಕಾಯಿ ಲೆಕ್ಕಾನಾ?" ಅಕ್ಕಿ ಇಷ್ಟು ಸಾಕು ಎಂದರೆ, "ಎರಡು ಕಾಯಿ ಲೆಕ್ಕ ಬ್ಯಾಡ, ಇನ್ನೊಂದು ಪಾವು ಹಾಕು." ಹಸು ಅವಳು ಹೇಳಿದ ದಿನವೇ ಈದಿತು. ಅದನ್ನು ಯಾರೂ ನೆನಪಿಟ್ಟುಕೊಳ್ಳಲಿಲ್ಲ. ಸೊಸೆಯಾಗಿ ಬಂದವಳಿಗೆ ಒಂದು ಮನೆಯಲ್ಲಿ ಮೊದಲು ಬೇಕಾದದ್ದು ತನ್ನ ಮಾತಿಗೆ ಒಂದು ತೂಕ. ಅದು ಒಂದೇ ಊಟದಲ್ಲಿ ಹೋಗಿತ್ತು.

ಲಕ್ಷ್ಮಕ್ಕ ಒಬ್ಬಳೇ ಇದ್ದಾಗ ಒಂದು ಕಾಯಿ ಮುರಿದು ನೋಡಿದಳು. ಮೂಗಿಗೆ ಹಸಿ ಸೊಪ್ಪಿನ ವಾಸನೆ. ಸಿಪ್ಪೆ ದಪ್ಪ, ಒಳಗಿನ ಎಳೆ ದಾರದಷ್ಟು. ಕಚ್ಚಿ ಕಾದಳು. ಕಿವಿ ತಣ್ಣಗೇ ಇದ್ದವು. ಬೀಜ ಅವ್ವನದೇ, ಕಾಯಿ ಮುಗಿಲು ನೋಡುತ್ತಿರುವುದೂ ನಿಜ. ಖಾರ ಮಾತ್ರ ಸೊಕ್ಕೆಯಿಂದ ಬಂದೇ ಇರಲಿಲ್ಲ.

ಅವಳಿಗೆ ಉತ್ತರ ಸಿಕ್ಕಿದ್ದು ಮುಂದಿನ ಬಾರಿ ತವರಿಗೆ ಹೋದಾಗ. ಬಿಸಿಲು ನೆತ್ತಿಯ ಮೇಲಿತ್ತು. ದಿಬ್ಬದ ಮೇಲಿನ ಗಿಡಗಳ ಎಲೆಗಳೆಲ್ಲ ಜೋತು ಬಿದ್ದಿದ್ದವು. ನ್ಯಾಮತಿಯ ಅಭ್ಯಾಸ ಕೈಗೆ ಹತ್ತಿತ್ತು, ಚೊಂಬು ತುಂಬಿಕೊಂಡು ಹೊರಟಳು.

"ಎತ್ಲಾಗೆ?" ಕೊಲ್ಲಾಪುರಮ್ಮ ಒಳಗಿನಿಂದಲೇ ಕೇಳಿದಳು.

"ಗಿಡ ಬಾಡ್ಯಾವಲ್ಲವ್ವ. ನೀರು ಹಾಕಾಕೆ."

"ಯಾಕೆ, ಅವು ನಿನ್ನ ಕೇಳಿದ್ವಾ?"

"ತಲೆ ಕೆಳಗೆ ಹಾಕ್ಕೊಂಡು ನಿಂತಾವೆ."

"ಇಷ್ಟೊತ್ತಿನ ಬಿಸಿಲಿಗೆ ನಾನೂ ತಲೆ ಕೆಳಗೆ ಹಾಕ್ತೀನಿ. ನನಗೂ ಹೊಯ್ತೀಯೇನು? ಹೊತ್ತು ಇಳಿಲಿ, ಆಮ್ಯಾಲೆ ನೋಡು."

ಹೊತ್ತು ಇಳಿದ ಮೇಲೆ ಹೋಗಿ ನೋಡಿದರೆ ಗಿಡಗಳು ಏನೂ ಆಗೇ ಇಲ್ಲವೆಂಬಂತೆ ಎಲೆ ಎತ್ತಿಕೊಂಡು ನಿಂತಿದ್ದವು.

"ಸಂಜೀಗೂ ಏಳಲಿಲ್ಲ ಅಂದ್ರೆ ಆಗ ಒಂದು ಬೊಗಸೆ ಕೊಡು. ಹೊಟ್ಟೆ ತುಂಬಿದ ಗಿಡಕ್ಕೆ ಸಿಟ್ಟು ಯಾಕೆ ಬರ್ತೈತೆ?" ಎಂದಳು ಕೊಲ್ಲಾಪುರಮ್ಮ.

ಅದೇ ಮನೆಯಲ್ಲಿ ಬೆಳೆದರೂ ಲಕ್ಷ್ಮಕ್ಕನಿಗೆ ಇದು ಗೊತ್ತಿರಲಿಲ್ಲ. ಸೊಕ್ಕೆಯ ಆ ದಿಬ್ಬಕ್ಕೆ ಯಾರೂ ನೀರು ಹಾಕುತ್ತಿರಲಿಲ್ಲ. ಹಾಕದೆ ಇರುವುದೂ ಒಂದು ಕೆಲಸ ಎಂದು ಅವಳಿಗೆ ಯಾವತ್ತೂ ಹೊಳೆದಿರಲಿಲ್ಲ.

ಈ ಸಲ ಹೊರಡುವಾಗ ಹೊಸ್ತಿಲ ಮೇಲಿಂದ ಬೀಜದ ಗಂಟು ಎತ್ತಿಕೊಂಡಳು, ಜೊತೆಗೆ ಒಂದು ಗೋಣಿಚೀಲ ಗರಸು ಮಣ್ಣನ್ನೂ ತುಂಬಿಕೊಂಡಳು. ಜಗಳೂರಿನಿಂದ ದಾವಣಗೆರೆಗೆ ಹೇಗೋ ಬಂತು. ದಾವಣಗೆರೆಯಲ್ಲಿ ಹೊನ್ನಾಳಿ ಮೇಲೆ ಹೋಗುವ ಬಸ್ಸು ಹತ್ತುವಾಗ ಕಂಡಕ್ಟರು ಚೀಲವನ್ನು ಕಾಲಿನಿಂದ ಒತ್ತಿ ನೋಡಿದ.

"ಏನವ್ವ ಇದು, ಶೇಂಗಾನಾ?"

"ಮಣ್ಣು."

"ಮಣ್ಣು ಅಂದ್ರೆ?"

"ಮಣ್ಣು ಅಂದ್ರೆ ಮಣ್ಣು. ನೆಲದ್ದು."

"ಹೊನ್ನಾಳಿ ಕಡೆ ಮಣ್ಣು ಇಲ್ವೇನವ್ವ?"

"ಐತೆ. ಅದಕ್ಕೆ ಹೊಟ್ಟೆ ತುಂಬೈತೆ. ನನಗೆ ಹಸಿದ ಮಣ್ಣು ಬೇಕು."

ಹಿಂದಿನ ಸೀಟಿನಿಂದ ಯಾರೋ, "ಲಗೇಜ್ ಹರೀರಿ ಕಂಡಕ್ಟರೇ, ತವರು ಬಿಟ್ಟಿರಾಕೆ ಆಗದೆ ಊರನ್ನೇ ಹೊತ್ಕೊಂಡು ಹೊಂಟಾಳೆ" ಎಂದರು. ಕಂಡಕ್ಟರು ಚೀಲಕ್ಕೂ ಒಂದು ಟಿಕೆಟ್ ಹರಿದ. ನ್ಯಾಮತಿಯಲ್ಲಿ ಚೀಲ ಇಳಿಸಿಕೊಳ್ಳಲು ಬಂದ ದುರುಗಣ್ಣ ಅದನ್ನು ಬೆನ್ನಿಗೇರಿಸಿಕೊಂಡು, ಮೂಟೆ ಹೊರುವ ಕಸುಬಿನವನಾದ್ದರಿಂದ ಭಾರದಿಂದಲೇ ಒಳಗಿರುವುದನ್ನು ಅಂದಾಜು ಮಾಡಿ, ಒಂದೇ ಮಾತು ಹೇಳಿದ. "ಎಲ್ಲಾರೂ ತವರಿಂದ ಸೀರೆ ತರ್ತಾರೆ. ನೀನು ಹೊಲಾನೇ ತಂದೀಯ."

ಒಡೆದ ಗಡಿಗೆಗಳ ತಳ, ತೂತು ಬಿದ್ದ ಕೊಳಗ, ಸೀಳಿದ ಬಾನಿ, ಹೀಗೆ ಸಿಕ್ಕಿದ್ದರಲ್ಲೆಲ್ಲ ಗರಸು ಮಣ್ಣು ತುಂಬಿ ಹಿತ್ತಲ ಗೋಡೆಯ ಮೇಲೆ ಸಾಲಾಗಿ ಇಟ್ಟಳು. ಸಸಿ ಬಂದವು. ಬಿಸಿಲಿಗೆ ಬಾಡಿದವು. ಮೂಕಮ್ಮನ ಕಣ್ಣಿಗೆ ಬಿತ್ತು.

"ಗಿಡ ಸಾಯ್ತಾ ಐತೆ, ನೋಡ್ಕೊಂಡು ಕುಂತೀಯಲ್ಲೇ."

"ಸಾಯಲ್ಲ ಅತ್ತೆ. ಸಂಜೆ ಏಳ್ತಾವೆ. ನೀರು ಹಾಕಬ್ಯಾಡ್ರಿ."

"ಬಾಡಿದ ಗಿಡದ ಮುಂದೆ ಕುಂತು ಉಣ್ಣಾಕೆ ನನ್ನ ಕೈಲಿ ಆಗಲ್ಲ. ಓಣಿಯೋರು ಏನಂತಾರೆ? ಮೂಕಮ್ಮನ ಮನ್ಯಾಗೆ ಗಿಡಕ್ಕೂ ನೀರು ಗತಿ ಇಲ್ಲ ಅನ್ನಲ್ವಾ?"

"ಈ ಗಿಡಕ್ಕೆ ನೀರು ಬ್ಯಾಡ ಅತ್ತೆ. ಹಿಂಗೆ ಬೆಳೆದ್ರೇನೇ ಸಾರಿಗೆ ಎರಡೇ ಕಾಯಿ..."

"ಸುರುವಾತು ನೋಡು, ಎರಡು ಕಾಯಿ ಲೆಕ್ಕ."

ಮೂಕಮ್ಮ ಕೆಟ್ಟವಳಲ್ಲ. ಮಕ್ಕಳು ಸಣ್ಣವರಿದ್ದಾಗ ಆ ಬಾವಿಯ ನೀರು ಸೇದಿ ಸೇದಿ ಹಿತ್ತಲಲ್ಲಿ ಸೊಪ್ಪು ಬೆಳೆದು ಹೊಟ್ಟೆ ತುಂಬಿಸಿದವಳು. ನೀರು ಕೊಡುವುದು ಅವಳಿಗೆ ಅನ್ನ ಇಕ್ಕಿದಷ್ಟೇ ದೊಡ್ಡದು. ಸೊಸೆ ಇಲ್ಲದ ಹೊತ್ತು ನೋಡಿ ಕೆಳಗಿನಿಂದಲೇ ಚೊಂಬಿನಲ್ಲಿ ಗೋಡೆಯ ಮೇಲಕ್ಕೆ ಎರಚುತ್ತಿದ್ದಳು. ಗೋಡೆ ಒದ್ದೆಯಾಗಿರುವುದನ್ನು ನೋಡಿ ಲಕ್ಷ್ಮಕ್ಕ ಕೇಳಿದರೆ, "ಕಾಗೆ ಕೊಡವಿರ್ಬೇಕು" ಎನ್ನುತ್ತಿದ್ದಳು. ಇಬ್ಬರ ನಡುವೆ ಮಾತು ಕಡಿಮೆಯಾಗಿ, ಆಮೇಲೆ ಬೇಕಾದಷ್ಟೇ ಆಗಿ, ಕಡೆಗೆ ದುರುಗಣ್ಣನ ಮೂಲಕ ನಡೆಯತೊಡಗಿತು. "ಅವತ್ತು ಆ ಬೀಜ ಕೈಯಾಗೆ ಇಸ್ಕೊಂಡಿದ್ದೇ ತಪ್ಪಾತು. ಜಗಳ ಮನಿ ಹೊಕ್ತು" ಎಂದು ಮೂಕಮ್ಮ ಓಣಿಯ ಹೆಂಗಸರ ಹತ್ತಿರ ಹೇಳಿಕೊಂಡಳು. ಅಂದಿನಿಂದ ಆ ಮನೆಯಲ್ಲಿ ಒಂದು ಮೆಣಸಿನಕಾಯಿಯನ್ನೂ ಕೈಗೆ ಕೊಡುವುದಿರಲಿಲ್ಲ. ಅತ್ತೆ ಒಲೆಯ ಕಟ್ಟೆಯ ಮೇಲೆ ಇಡುವಳು, ಸೊಸೆ ಎತ್ತಿಕೊಳ್ಳುವಳು.

"ನೀನಾದ್ರೂ ಅವ್ವಗೆ ಹೇಳಬಾರದಾ?" ಎಂದು ಲಕ್ಷ್ಮಕ್ಕ ಗಂಡನನ್ನು ಕೇಳಿದಳು.

"ನನಗೆ ನಿಮ್ಮಿಬ್ರ ಕೈಯಿಂದಾನೂ ಮುದ್ದೆ ಬೇಕು" ಎಂದ ದುರುಗಣ್ಣ. ಅಲ್ಲಿಗೆ ಅವನ ಪಂಚಾಯ್ತಿ ಮುಗಿಯಿತು.

ಆ ವರ್ಷದ ಕಾಯಿಯೂ ಸಪ್ಪೆಯೇ. ಅತ್ತೆ ಎರಚಿದ್ದು ಅರ್ಧ ಕೆಡಿಸಿದರೆ ನ್ಯಾಮತಿಯ ಮಳೆ ಉಳಿದರ್ಧ ಕೆಡಿಸಿತು. ಆಮೇಲಿನ ವರ್ಷ ಲಕ್ಷ್ಮಕ್ಕ ಎರಡನ್ನೂ ತಪ್ಪಿಸುವ ದಾರಿ ಹುಡುಕಿದಳು. ಮಳೆಗಾಲ ಮುಗಿಯುವವರೆಗೂ ಬೀಜ ಬಿಚ್ಚಲೇ ಇಲ್ಲ. ಆಕಾಶ ಬಿಳಿಚಿಕೊಂಡ ಮೇಲೆ ಗಡಿಗೆಯ ತಳದಲ್ಲಿ ಬಿತ್ತಿ, ಇರುವೆ ಬಾರದ ಹಾಗೆ ಸುತ್ತ ಬೂದಿ ಎಳೆದು, ಕೋಳಿ ಕೆದರದ ಹಾಗೆ ಮೇಲೆ ಮುಳ್ಳಿನ ಕಡ್ಡಿ ಮುಚ್ಚಿದಳು. ಮೊಳಕೆಯೊಡೆಯುವವರೆಗೆ ಮಾತ್ರ ತೇವ ಆರಲು ಬಿಡಲಿಲ್ಲ. ಸಸಿ ಚೋಟುದ್ದ ಆದಾಗ ಕಿತ್ತು ಬೇರೆ ಬೇರೆ ನೆಟ್ಟು, ಬೇರು ಹಿಡಿದ ಮೇಲೆ ಒಂದೊಂದನ್ನೇ ಹೊತ್ತು ಏಣಿ ಹತ್ತಿದಳು. ಬಚ್ಚಲುಮನೆಗೆ ಚಪ್ಪಡಿ ಕಲ್ಲಿನ ಮಾಡು. ಹಗಲೆಲ್ಲ ಕಾದು ಹೆಂಚಾಗುವ ಜಾಗ. ಮೂಕಮ್ಮನಿಗೆ ಮೊಣಕಾಲು ನೋವು, ಏಣಿ ಹತ್ತಲಾರಳು. ಚೊಂಬಿನ ನೀರು ಅಷ್ಟು ಎತ್ತರ ಹಾರದು.

ಮೂಕಮ್ಮ ಅಂಗಳದಲ್ಲಿ ನಿಂತು ಕತ್ತೆತ್ತಿ ನೋಡಿದಳು. "ಇನ್ನು ಗಿಡಾನ ಸ್ವರ್ಗಕ್ಕೇ ಕಳಿಸ್ಬಿಡು" ಎಂದು ಒಳಗೆ ಹೋದಳು.

ದಿನಾ ಹೊತ್ತು ಇಳಿಯುವಾಗ ಲಕ್ಷ್ಮಕ್ಕ ಏಣಿ ಹತ್ತಿ ಎಲೆ ನೋಡುತ್ತಿದ್ದಳು. ಎತ್ತಿಕೊಂಡಿದ್ದರೆ ಹಾಗೇ ಇಳಿಯುತ್ತಿದ್ದಳು. ಇನ್ನೂ ಜೋತಿದ್ದ ಗಿಡಕ್ಕೆ ಮಾತ್ರ ಒಂದು ಬೊಗಸೆ. ಕೈ ಇನ್ನೊಂದು ಬೊಗಸೆಗೆ ತುಡಿಯುತ್ತಿತ್ತು. ಅತ್ತೆಯದು ತಪ್ಪು ಎನ್ನುವುದು ಸುಲಭ, ಬಾಡಿದ ಗಿಡದ ಮುಂದೆ ನೀರು ಹಿಡಿದು ಸುಮ್ಮನೆ ನಿಲ್ಲುವುದು ಎಷ್ಟು ಕಷ್ಟ ಎಂದು ಅವಳಿಗೆ ಗೊತ್ತಾಗಿದ್ದು ಆ ಚಪ್ಪಡಿಯ ಮೇಲೆ. ಗಿಡಗಳು ಮೊಣಕಾಲೆತ್ತರಕ್ಕೇ ನಿಂತವು. ಎಲೆ ಸಣ್ಣದಾದವು. ಹೂವು ಅರ್ಧ ಉದುರಿದವು. ಉಳಿದ ಅರ್ಧ ಕಾಯಿ ಕಚ್ಚಿ, ಕಿರುಬೆರಳಿನ ತುದಿಯಷ್ಟಾಗಿ, ಮುಗಿಲು ನೋಡಿ ನಿಂತವು.

ಮೊದಲು ಬಲಿತ ಕಾಯಿಯನ್ನು ಲಕ್ಷ್ಮಕ್ಕ ಅಲ್ಲೇ ಕೂತು ಮುರಿದಳು. ಮೂಗಿನ ಒಳಗೆ ಚುರುಕು ಮುಟ್ಟಿತು. ತುದಿ ಕಚ್ಚಿದಳು. ಏನೂ ಇಲ್ಲ. ಕಾದಳು. ಗಂಟಲ ಹಿಂದಿನಿಂದ ಅದು ಹೊರಟಿತು. ಎರಡೂ ಕಿವಿ ಕಾದವು. ಅವಳು ಏಣಿ ಇಳಿಯದೆ, ನೀರೂ ಕುಡಿಯದೆ, ಅದು ತಾನಾಗಿ ಇಳಿಯುವವರೆಗೆ ಕೂತಿದ್ದಳು.

ಯಾರಿಗೂ ಹೇಳಲಿಲ್ಲ. ಹೇಳಿದರೆ ಏನು ಉತ್ತರ ಬರುತ್ತದೆಂದು ಗೊತ್ತಿತ್ತು. ತನ್ನ ಮಾತಿಗೆ ತೂಕವಿಲ್ಲದ ಮನೆಯಲ್ಲಿ ಬೇರೆಯವರ ಬಾಯಿಯೇ ಹೇಳಬೇಕು.

ಆ ಬಾಯಿ ಧರ್ಮಪ್ಪನದಾಯಿತು. ಅವನು ಹಮಾಲರ ಮೇಸ್ತ್ರಿ, ಮೂಕಮ್ಮನ ಮಂಡಕ್ಕಿಯ ಹಳೆಯ ಗಿರಾಕಿ. ತಿಂದಷ್ಟೂ ಖಾರ ಸಾಲದು ಎನ್ನುವವನು. ಒಂದು ಸಂತೆಯ ದಿನ ಜನ ಹೆಚ್ಚಾಗಿ ಮೂಕಮ್ಮ ತಂದಿದ್ದ ಹಸಿಮೆಣಸಿನಕಾಯಿ ಮಧ್ಯಾಹ್ನಕ್ಕೇ ಮುಗಿಯಿತು. ಲಕ್ಷ್ಮಕ್ಕ ಹೊಳೆಯ ಕಡೆ ಬಟ್ಟೆ ಒಗೆಯಲು ಹೋಗಿದ್ದಳು. ಮೂಕಮ್ಮನಿಗೆ ಮಾಡಿನ ಮೇಲಿನ ಗಿಡಗಳ ನೆನಪಾಯಿತು. ಸಪ್ಪೆಯಾದರೂ ಬಣ್ಣಕ್ಕಾದರೂ ಆದೀತು ಎಂದು ಧರ್ಮಪ್ಪನನ್ನೇ ಮನೆಗೆ ಕಳಿಸಿದಳು.

"ಸಿಕ್ಕಷ್ಟು ಕಿತ್ಕೊಂಡು ಬಾ. ಅದ್ರಾಗೆ ಖಾರ ಇಲ್ಲ, ಜಾಸ್ತೀನೇ ಬೇಕಾಗ್ತೈತೆ."

ಧರ್ಮಪ್ಪ ಏಣಿ ಹತ್ತಿ ಟವೆಲ್ ತುಂಬ ಕಿತ್ತು ತಂದ. ಮೂಕಮ್ಮ ಅದರಲ್ಲಿ ಒಂದು ದೊಡ್ಡ ಹಿಡಿ ತೆಗೆದು ಬೆಳ್ಳುಳ್ಳಿ, ಉಪ್ಪು ಸೇರಿಸಿ ಅರೆದಳು. ಕಲ್ಲಿನಿಂದ ಎದ್ದ ಘಾಟಿಗೆ ಕಣ್ಣಲ್ಲಿ ನೀರು ಬಂತು. ಬೆಳ್ಳುಳ್ಳಿಯದಿರಬೇಕು ಎಂದುಕೊಂಡಳು. ಮೊದಲ ತಟ್ಟೆ ಕಿತ್ತು ತಂದವನಿಗೇ ಕಲಸಿ ಕೊಟ್ಟಳು.

ಧರ್ಮಪ್ಪ ಒಂದು ಹಿಡಿ ಬಾಯಿಗೆ ಹಾಕಿಕೊಂಡ. ಅಗಿದ. "ಮೂಕಮ್ಮ, ಖಾರ ಎಲ್ಲೈತೆ?" ಎಂದ. ಇನ್ನೊಂದು ಹಿಡಿ ಹಾಕಿಕೊಂಡ. ಆಮೇಲೆ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟ. ಬಿಕ್ಕಳಿಕೆ ಹತ್ತಿತು. ಮೂಟೆಯ ಕೆಳಗೂ ಬಗ್ಗದ ಮನುಷ್ಯ ಎರಡೂ ಕಿವಿ ಹಿಡಿದುಕೊಂಡು ಕುಕ್ಕರಗಾಲಲ್ಲಿ ಕೂತುಬಿಟ್ಟ.

"ಏನಾತೋ?" ಎಂದು ಕೇಳಿದಳು ಮೂಕಮ್ಮ.

ಅವನು ಕೈಯಿಂದ ಖಾರದ ಬಟ್ಟಲನ್ನು ತೋರಿಸಿದ.

ಮೂಕಮ್ಮ ಬೆರಳ ತುದಿಯಿಂದ ಒಂದಿಷ್ಟು ತೆಗೆದು ನಾಲಿಗೆಗೆ ಇಟ್ಟುಕೊಂಡಳು. ಸ್ವಲ್ಪ ಹೊತ್ತಿಗೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು, ಕಿವಿಯ ಓಲೆಯನ್ನು ಮುಟ್ಟಿ ನೋಡಿಕೊಂಡಳು. ಬೆಂಚಿನ ಮೇಲೆ ಗಿರಾಕಿಗಳು ಕಾಯುತ್ತಿದ್ದರು. ಅರೆದ ಖಾರವನ್ನೆಲ್ಲ ತೆಗೆದು ಎಲೆಯಲ್ಲಿ ಕಟ್ಟಿ ಪಕ್ಕಕ್ಕಿಟ್ಟಳು. ಒರಳು ತೊಳೆದಳು. ಟವೆಲಿನಿಂದ ಒಂದು ಕಾಯಿ ತೆಗೆದಳು, ಯೋಚಿಸಿ ಇನ್ನೊಂದು ತೆಗೆದಳು. ಶೇಂಗಾ, ಕೊತ್ತಂಬರಿ ಧಾರಾಳವಾಗಿ ಸೇರಿಸಿ ಆ ಎರಡನ್ನೇ ಅರೆದಳು. ಒಂದು ಬೋಗುಣಿ ಖಾರವಾಯಿತು. ಸಂತೆ ಮುಗಿಯುವವರೆಗೆ ಸಾಲಿತು. ತಿಂದವರು ಹೊಸ ರುಚಿ ಎಂದು ಎರಡನೇ ತಟ್ಟೆ ಕೇಳಿದರು.

ಸಂಜೆ ಲಕ್ಷ್ಮಕ್ಕ ಏಣಿ ಹತ್ತಿ ನೋಡಿದರೆ ಗಿಡಗಳಲ್ಲಿ ಹೀಚು ಬಿಟ್ಟು ಏನೂ ಉಳಿದಿರಲಿಲ್ಲ. ಇಳಿದು ಬಂದಾಗ ಅತ್ತೆ ಅಡುಗೆಮನೆಯಲ್ಲಿ ಒಂದು ಟವೆಲ್ ಕಾಯಿಯನ್ನು ಒಲೆಯ ಕಟ್ಟೆಯ ಮೇಲೆ ಇಡುತ್ತಿದ್ದಳು.

"ಖಾರಕ್ಕೆ ಹಾಕಿದ್ರಾ ಅತ್ತೆ?"

"ಹೂಂ."

"ಹೆಂಗಿತ್ತು?"

"ಉಪ್ಪು ಕಮ್ಮಿ ಆಗಿತ್ತು" ಎಂದು ಮೂಕಮ್ಮ ಮಜ್ಜಿಗೆಯ ಗಡಿಗೆಯ ಕಡೆಗೆ ಹೋದಳು.

ಮಾರನೆಯ ದಿನ ಧರ್ಮಪ್ಪ ಮಂಡಿಯಲ್ಲಿ ಹೇಳಿದ್ದು ದುರುಗಣ್ಣನ ಮೂಲಕ ಲಕ್ಷ್ಮಕ್ಕನಿಗೆ ಮುಟ್ಟಿತು. ಅಲ್ಲಿಂದ ಮುಂದೆ ಸಂತೆಯ ಬೆಳಿಗ್ಗೆ ಮೂಕಮ್ಮ ಬಚ್ಚಲುಮನೆಯ ಕೆಳಗೆ ನಿಂತು, ಗೋಡೆಗೆ ಹೇಳಿದಂತೆ, "ಎರಡು ಬೇಕು" ಎನ್ನುವಳು. ಲಕ್ಷ್ಮಕ್ಕ ಎರಡು ಕಿತ್ತು ಕೈ ತೊಳೆಯುವ ಕಲ್ಲಿನ ಮೇಲೆ ಇಡುವಳು. ಎರಡು ಕಾಯಿ ಲೆಕ್ಕ ಎಂಬ ಮಾತು ಆ ಮನೆಯಲ್ಲಿ ಕೇಳದಾಯಿತು. ಆದರೆ ಅದನ್ನು ಹಿಂದಕ್ಕೆ ತೆಗೆದುಕೊಂಡೆ ಎಂದೂ ಯಾರೂ ಹೇಳಲಿಲ್ಲ.

ಓಬಮ್ಮ ಮತ್ತೆ ಬಂದಿದ್ದು ಆ ಬೇಸಿಗೆಯಲ್ಲಿ. ಮತ್ತೆ ಕೋಳಿ ಸಾರು. ಈ ಸಲ ಅವಳೇ ಒರಳಿನ ಮುಂದೆ ಕೂತು ಮೆಣಸಿನಕಾಯಿಗೆ ಕೈ ಹಾಕಿದಳು. ಮೂಕಮ್ಮ ಬಾಗಿಲಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದವಳು ತಲೆ ಎತ್ತಿದಳು.

"ಎಷ್ಟು ಹಾಕ್ತೀಯ?"

"ಒಂದು ಹತ್ತು."

"ಎರಡು ಹಾಕು."

"ಎರಡಕ್ಕೆ ಏನಾಗ್ತೈತೆ ಅವ್ವ? ನೀನೂ ಸಪ್ಪೆ ಅತ್ತಿಗೆ ಲೆಕ್ಕ ಕಲ್ತೀಯಾ?"

"ಹೂಂ, ಅವಳ ಲೆಕ್ಕಾನೇ" ಎಂದಳು ಮೂಕಮ್ಮ. "ಅವಳು ಎರಡು ಅಂದ್ರೆ ಎರಡೇ. ಆಕೆ ಹೇಳಿದ ಮ್ಯಾಲೆ ಎಣಿಸಾಕೆ ಹೋಗಬ್ಯಾಡ."

ಲಕ್ಷ್ಮಕ್ಕ ಒಲೆಯ ಮುಂದೆ ಇದ್ದಳು. ತಿರುಗಲಿಲ್ಲ. ಸೌದೆ ಒಳಕ್ಕೆ ನೂಕಿದಳು.

ಊಟದಲ್ಲಿ ಓಬಮ್ಮ ಎರಡನೇ ತುತ್ತಿಗೆ ನಿಂತಳು. ಕಿವಿಗೆ ಕೈ ಹೋಯಿತು. ಅವಳ ಗಂಡ ಮಜ್ಜಿಗೆ ಕೇಳಿದ. ದುರುಗಣ್ಣ ಇನ್ನೊಂದು ಮುದ್ದೆ ಹಾಕಿಸಿಕೊಂಡು ಹೆಂಡತಿಯ ಮುಖ ನೋಡಿದ. ಈ ಸಲ ತಲೆ ತಗ್ಗಿಸಲಿಲ್ಲ.

ಊರಿಗೆ ಹೊರಡುವಾಗ ಓಬಮ್ಮ ಬೀಜ ಕೇಳಿದಳು. ಅತ್ತಿಗೆಯನ್ನು ಕೇಳಲು ನಾಚಿಕೆಯಾಗಿ ತಾಯಿಯನ್ನು ಕೇಳಿದಳು. ಲಕ್ಷ್ಮಕ್ಕನೇ ಏಣಿ ಹತ್ತಿ, ಬೀಜಕ್ಕೆಂದು ಗಿಡದಲ್ಲೇ ಹಣ್ಣಾಗಲು ಬಿಟ್ಟಿದ್ದ ಕಾಯಿಗಳನ್ನು ಕಿತ್ತು ತಂದಳು. ಹೊಸ್ತಿಲ ಮೇಲೆ ಇಡಲು ಬಗ್ಗಿದಾಗ ಮೂಕಮ್ಮ ಅಂಗೈ ಚಾಚಿದಳು.

"ಕೈಯಾಗೇ ಕೊಡು."

"ಬ್ಯಾಡ ಅತ್ತೆ. ಮತ್ತೆ ಜಗಳ ಆಗ್ತೈತೆ."

"ಆಡೋ ಜಗಳ ಎಲ್ಲಾ ಆಡಿ ಆತು. ಇನ್ನೇನು ಉಳಿದೈತೆ? ಕೊಡು."

ಲಕ್ಷ್ಮಕ್ಕ ಹಣ್ಣುಗಳನ್ನು ಅತ್ತೆಯ ಅಂಗೈಗೆ ಸುರಿದಳು. ಮೂಕಮ್ಮ ಅವುಗಳನ್ನು ಮಗಳ ಕೈಗೆ ಹಾಕಿ, ಬೆರಳು ಮಡಚಿ ಮುಚ್ಚಿದಳು.

"ನೀರು ಹಾಕಬ್ಯಾಡ. ಬಾಡಿದ್ರೂ ನೋಡ್ಕೊಂಡು ಸುಮ್ನೆ ಕುಂದ್ರು. ಸಂಜೆ ಏಳ್ತಾವೆ."

ಓಬಮ್ಮ ಆಗಲಿ ಎಂದಳು. ಮುಂದಿನ ವರ್ಷ ಬಂದವಳು ಗಿಡದ ಸುದ್ದಿಯನ್ನು ತಾನಾಗಿ ಎತ್ತಲಿಲ್ಲ. ಮೂಕಮ್ಮನೇ ಕೇಳಿದಳು.

"ಗಿಡ ಹೆಂಗೈತೆ?"

"ಎದೆಯುದ್ದ ಬಂದೈತೆ ಅವ್ವ. ಎಲೆ ಮಿರಮಿರ ಅಂತಾವೆ."

"ಕಾಯಿ?"

"ದಪ್ಪ ಐತೆ."

ಮೂಕಮ್ಮ ಸೊಸೆಯ ಕಡೆ ನೋಡಿದಳು. ಲಕ್ಷ್ಮಕ್ಕ ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

"ಎಲ್ಲಿ ಇಟ್ಟೀಯ?"

"ಕೈ ತೊಳೆಯೋ ಕಲ್ಲಿನ ಹತ್ರ" ಎಂದಳು ಓಬಮ್ಮ. "ಮನ್ಯಾಗೆ ಅದೇ ಅಲ್ವಾ ಅವ್ವ ಒಳ್ಳೇ ಜಾಗ?"